ಡಿಬಿ ದೊಡ್ಡದಾದರೆ ಸಾಲದು: ಮನೆಯ ಕರೆಂಟಿನ ಲೋಡ್ ಹೆಚ್ಚಿಸುವ ಕ್ರಮ

ಎರಡನೇ ಎಸಿ ಹಾಕಿಸಿದ ವಾರದಲ್ಲೇ ಮೈನ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚು) ಬೀಳತೊಡಗುತ್ತದೆ. ಗುರುತಿನ ಎಲೆಕ್ಟ್ರಿಷಿಯನ್ ಬಂದು 32 ಆಂಪಿಯರಿನ ಎಂಸಿಬಿ ಕಿತ್ತು 63ರದ್ದು ಕೂರಿಸುತ್ತಾರೆ. ಆಮೇಲೆ ಅದು ಬೀಳುವುದೇ ಇಲ್ಲ. ಏಪ್ರಿಲ್ ಸೆಕೆಯಲ್ಲಿ ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ನಡೆಯುವ ಈ ರಿಪೇರಿಗಿಂತ ಅಪಾಯದ ರಿಪೇರಿ ಇನ್ನೊಂದಿಲ್ಲ. ಎಂಸಿಬಿ ಇರುವುದು ಎಸಿಯನ್ನೋ ಗೀಸರನ್ನೋ ಕಾಯುವುದಕ್ಕಲ್ಲ, ಗೋಡೆಯೊಳಗೆ ಕಾಣದಂತೆ ಕೂತ ವೈರನ್ನು ಕಾಯುವುದಕ್ಕೆ. 6 ಸ್ಕ್ವೇರ್ ಎಂಎಂ ತಾಮ್ರದ ವೈರು ಪೈಪಿನೊಳಗೆ ನಿರಾಳವಾಗಿ ಹೊರುವುದು 32 ಆಂಪಿಯರಿನ ಆಸುಪಾಸು. ಅದರ ತಲೆಯ ಮೇಲೆ 63ರ ಎಂಸಿಬಿ ಇಟ್ಟರೆ, ವೈರಿನ ಪಿವಿಸಿ ಮೆತ್ತಗಾಗಿ ಹೊಗೆ ಬರುವಾಗಲೂ ಎಂಸಿಬಿಯ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ.

ಮನೆಯ ಸಾಮರ್ಥ್ಯವೆಂದರೆ ಡಿಬಿಯ, ಅಂದರೆ ಕರೆಂಟನ್ನು ಕೋಣೆಗಳಿಗೆ ಹಂಚುವ ಎಂಸಿಬಿಗಳ ಪೆಟ್ಟಿಗೆಯ, ಮೇಲಿನ ಅಂಕಿಯಲ್ಲ. ಕಂಬದಿಂದ ಬರುವ ಸರ್ವಿಸ್ ವೈರು, ಮೀಟರು, ಮೀಟರಿನಿಂದ ಒಳಗೆ ಬರುವ ಮೈನ್ ವೈರು, ಡಿಬಿ, ಅಲ್ಲಿಂದ ಕೋಣೆಗಳಿಗೆ ಹೋಗುವ ಸರ್ಕ್ಯೂಟುಗಳು, ಕೊನೆಗೆ ಅಂಗಳದ ಅರ್ಥಿಂಗ್ ಗುಂಡಿ. ಇಷ್ಟರಲ್ಲಿ ಯಾವುದು ಎಲ್ಲಕ್ಕಿಂತ ಬಡಕಲೋ ಅದೇ ಮನೆಯ ಸಾಮರ್ಥ್ಯ. ಕಾಗದದ ಮೇಲೆ ಇನ್ನೊಂದು ಅಂಕಿ ಇದೆ: ಕರಾವಳಿಗೆ ಕರೆಂಟು ಕೊಡುವ ಮೆಸ್ಕಾಂನ ಬಿಲ್ಲಿನಲ್ಲಿ ಅಚ್ಚಾಗಿರುವ ಮಂಜೂರಾದ ಲೋಡ್. ಹಳೆಯ ಹಂಚಿನ ಮನೆಗಳ ಬಿಲ್ಲಿನಲ್ಲಿ ಅದು 1, 2 ಅಥವಾ 3 ಕಿಲೋವ್ಯಾಟ್ ಇದ್ದರೆ ಆಶ್ಚರ್ಯವಿಲ್ಲ. ಆ ಕಾಲಕ್ಕೆ ನಾಲ್ಕು ಬಲ್ಬು, ಎರಡು ಫ್ಯಾನು, ಒಂದು ಮಿಕ್ಸಿ ಇದ್ದರೆ ಆಯಿತು. ಬಿಸಿನೀರಿಗೆ ಬಚ್ಚಲ ಹಂಡೆ ಇತ್ತು, ಹಂಡೆಯ ಒಲೆಗೆ ತೆಂಗಿನ ಮಡಲು ಇತ್ತು.

ಮೊದಲು ಲೆಕ್ಕ

230 ವೋಲ್ಟಿನಲ್ಲಿ 1 ಕಿಲೋವ್ಯಾಟ್ ಅಂದರೆ ಸುಮಾರು 4.35 ಆಂಪಿಯರ್. ಇದೊಂದು ಗೊತ್ತಿದ್ದರೆ ಉಳಿದದ್ದು ಕೂಡಿಸುವ ಕೆಲಸ.

ಎರಡು ಮಹಡಿಯ ಒಂದು ಮನೆಯನ್ನು ತೆಗೆದುಕೊಳ್ಳೋಣ. ದೀಪ, ಫ್ಯಾನು ಎಲ್ಲ ಸೇರಿ 0.6 ಕಿಲೋವ್ಯಾಟ್, ಫ್ರಿಜ್ 0.2, ಮಿಕ್ಸಿ 0.75, ವಾಷಿಂಗ್ ಮಷಿನ್ 0.5, ಬಾವಿಯ 1 ಎಚ್‌ಪಿ ಪಂಪು 1, ತಲಾ 2 ಕಿಲೋವ್ಯಾಟಿನ ಎರಡು ಗೀಸರು, ತಲಾ 1.6ರ ಎರಡು ಎಸಿ, ಇಂಡಕ್ಷನ್ ಒಲೆ 2, ಎಲೆಕ್ಟ್ರಿಕ್ ಕಾರಿನ ಚಾರ್ಜರ್ 3.3. ಕೂಡಿದರೆ 15.55 ಕಿಲೋವ್ಯಾಟ್. ಪಂಪಿನ 1 ಎಚ್‌ಪಿ ಎಂದರೆ 746 ವ್ಯಾಟ್ ಅಲ್ಲವೇ ಎಂದು ಕೇಳಬಹುದು. ಅದು ಮೋಟರಿನ ದಂಡದಲ್ಲಿ ಸಿಗುವ ಶಕ್ತಿ. ಲೈನಿನಿಂದ ಮೋಟರು ಎಳೆಯುವುದು ಅದಕ್ಕಿಂತ ಹೆಚ್ಚು.

ಈ 15.55ಕ್ಕೆಲ್ಲ ಅರ್ಜಿ ಹಾಕುವ ಅಗತ್ಯವಿಲ್ಲ. ಎಲ್ಲವೂ ಒಟ್ಟಿಗೆ ಉರಿಯುವ ಗಳಿಗೆ ಯಾವ ಮನೆಯಲ್ಲೂ ಬರುವುದಿಲ್ಲ. ನೋಡಬೇಕಾದದ್ದು ದಿನದ ಎರಡು ಹೊತ್ತು. ಬೆಳಗ್ಗೆ ಆರೂವರೆಗೆ ಎರಡು ಗೀಸರು, ಪಂಪು, ಇಂಡಕ್ಷನ್, ಮಿಕ್ಸಿ, ಫ್ರಿಜ್, ಒಂದಿಷ್ಟು ದೀಪ ಸೇರಿದರೆ 8.25 ಕಿಲೋವ್ಯಾಟ್. ರಾತ್ರಿ ಹನ್ನೊಂದಕ್ಕೆ ಕಾರು, ಎರಡು ಎಸಿ, ಫ್ರಿಜ್, ಫ್ಯಾನು ಸೇರಿದರೆ 7. ಅಂದರೆ ಈ ಮನೆಗೆ 9 ಅಥವಾ 10 ಕಿಲೋವ್ಯಾಟ್ ಸಾಕು. ಮಂಜೂರಾದ ಪ್ರತಿ ಕಿಲೋವ್ಯಾಟಿಗೂ ತಿಂಗಳು ತಿಂಗಳು ನಿಗದಿತ ಶುಲ್ಕ ಬೀಳುವುದರಿಂದ, ಇರಲಿ ಎಂದು 15 ಬರೆಸುವುದು ದಂಡ. ಅಂದಾಜಿನ ಮೇಲೆ ನಂಬಿಕೆ ಇಲ್ಲದವರು ಮೀಟರನ್ನೇ ಕೇಳಬಹುದು. ಡಿಜಿಟಲ್ ಮೀಟರಿನ ಪರದೆಯಲ್ಲಿ ಒಂದರ ಹಿಂದೊಂದು ಬರುವ ಅಂಕಿಗಳ ನಡುವೆ ಗರಿಷ್ಠ ಬೇಡಿಕೆಯೂ ಕಿಲೋವ್ಯಾಟಿನಲ್ಲಿ ಬರುತ್ತದೆ. ಮಾರ್ಚಿನಿಂದ ಮೇವರೆಗಿನ ಮೂರು ತಿಂಗಳದ್ದನ್ನು ಬರೆದಿಟ್ಟುಕೊಂಡರೆ ಅದರ ಮೇಲೆ ಹೊಸದಾಗಿ ಬರುವ ಉಪಕರಣಗಳನ್ನು ಮಾತ್ರ ಕೂಡಿಸಿದರಾಯಿತು.

ಇನ್ನು ಆ ಬೆಳಗಿನ 8.25 ಕಿಲೋವ್ಯಾಟು ಹಳೆಯ ಸಿಂಗಲ್ ಫೇಸ್ ಲೈನಿನಲ್ಲೇ ಬಂದರೆ ಏನಾಗುತ್ತದೆ? ಸುಮಾರು 36 ಆಂಪಿಯರ್. ಮೈನ್ ಎಂಸಿಬಿ 32ರದ್ದು, ಆದ್ದರಿಂದ ಬೀಳಬೇಕು ಅನಿಸುತ್ತದೆ. ಬೀಳುವುದಿಲ್ಲ. ಎಂಸಿಬಿಯ ಮಾನದಂಡದಂತೆ ತನ್ನ ಅಂಕಿಯ 1.13 ಪಟ್ಟು ಕರೆಂಟನ್ನು ಅದು ಒಂದು ಗಂಟೆ ಬೀಳದೆ ತಡೆದುಕೊಳ್ಳಬೇಕು. 1.45 ಪಟ್ಟಾದರೆ ಗಂಟೆಯೊಳಗೆ ಬೀಳಬೇಕು. 32ಕ್ಕೆ 36 ಎಂದರೆ 1.13ಕ್ಕಿಂತ ಕೂದಲೆಳೆ ಕಡಿಮೆ. ಎಂಸಿಬಿ ಬೀಳುತ್ತಿಲ್ಲ, ಹಾಗಾಗಿ ಲೋಡ್ ಸರಿಯಿದೆ ಎನ್ನುವ ವಾದ ಇಲ್ಲಿಗೆ ಮುಗಿಯಿತು. ದಿನಾ ಬೆಳಗ್ಗೆ ಕೊತಕೊತ ಕಾದು ಮಧ್ಯಾಹ್ನ ತಣ್ಣಗಾಗುವ ವೈರಿನ ಜಾಯಿಂಟು ಒಂದೆರಡು ವರ್ಷದಲ್ಲಿ ಸಡಿಲವಾಗುತ್ತದೆ, ಸಡಿಲವಾದದ್ದು ಇನ್ನಷ್ಟು ಕಾಯುತ್ತದೆ. ಕರೆಂಟು ಎರಡು ಪಟ್ಟಾದರೆ ಹುಟ್ಟುವ ಬಿಸಿ ನಾಲ್ಕು ಪಟ್ಟು.

ಮೂರು ಫೇಸು ಏಕೆ

ಅದೇ ಲೋಡನ್ನು ಮೂರು ಫೇಸಿಗೆ, ಅಂದರೆ ಕರೆಂಟು ತರುವ ಆರ್, ವೈ, ಬಿ ಎಂಬ ಮೂರು ವೈರಿಗೆ, ಹಂಚಿ ನೋಡಿ. ಆರ್ ಫೇಸಿಗೆ ಕೆಳಗಿನ ಗೀಸರು, ಒಂದು ಎಸಿ, ಫ್ರಿಜ್, ಅರ್ಧ ದೀಪಗಳು. ವೈ ಫೇಸಿಗೆ ಮೇಲಿನ ಗೀಸರು, ಇನ್ನೊಂದು ಎಸಿ, ಪಂಪು, ಉಳಿದ ದೀಪಗಳು. ಬಿ ಫೇಸಿಗೆ ಇಂಡಕ್ಷನ್, ಅಡುಗೆಮನೆಯ ಪ್ಲಗ್ಗುಗಳು, ವಾಷಿಂಗ್ ಮಷಿನ್, ಕಾರಿನ ಚಾರ್ಜರ್. ಬೆಳಗ್ಗೆ ಕ್ರಮವಾಗಿ 10, 14, 12 ಆಂಪಿಯರ್. ರಾತ್ರಿ 8.5, 7.6, 14. ಯಾವ ಹೊತ್ತಿನಲ್ಲೂ ಯಾವ ಫೇಸೂ 15 ದಾಟುವುದಿಲ್ಲ. ಹೀಗೆ ಹಂಚುವಾಗ ಉಪಕರಣದ ವ್ಯಾಟಿಗಿಂತ ಅದು ಓಡುವ ಹೊತ್ತು ಮುಖ್ಯ. ಎರಡು ಗೀಸರನ್ನು ಒಂದೇ ಫೇಸಿಗೆ ಹಾಕಿದರೆ ಕಾಗದದ ಮೇಲೆ ಸಮವಾಗಿ ಕಂಡರೂ ಬೆಳಗ್ಗೆ ಒಂದೇ ಫೇಸು ಏದುಸಿರು ಬಿಡುತ್ತದೆ.

ಕಂಬದಿಂದ ದೂರವಿರುವ ಮನೆಗಳಿಗೆ ಮೂರು ಫೇಸಿನ ಲಾಭ ಇನ್ನೂ ದೊಡ್ಡದು. ಕಾರ್ಕಳ, ಬ್ರಹ್ಮಾವರದ ಕಡೆ ಅಡಿಕೆ ತೋಟದ ನಡುವೆ ಇರುವ ಮನೆಗೆ 60 ಮೀಟರ್ ಸರ್ವಿಸ್ ವೈರು ಹೆಚ್ಚೇನಲ್ಲ. 10 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ ವೈರಿನಲ್ಲಿ ಸಿಂಗಲ್ ಫೇಸಿನ 36 ಆಂಪಿಯರ್ ಹೋಗಿ ಬರುವಾಗ ಸುಮಾರು 12 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. ಅದೇ ವೈರಿನಲ್ಲಿ ಮೂರು ಫೇಸಿಗೆ ಸಮನಾಗಿ 12 ಆಂಪಿಯರ್ ಹರಿದರೆ ಸೋರುವುದು 2 ವೋಲ್ಟ್ ಮಾತ್ರ. ಫೇಸಿಗೆ ಕರೆಂಟು ಮೂರನೇ ಒಂದಕ್ಕೆ ಇಳಿಯುವುದು ಒಂದು ಕಾರಣ. ಮೂರೂ ಸಮವಾಗಿದ್ದರೆ ನ್ಯೂಟ್ರಲ್‌ನಲ್ಲಿ ಕರೆಂಟೇ ಇಲ್ಲದೆ ಮರಳಿ ಬರುವ ದಾರಿಯ ನಷ್ಟ ಇಲ್ಲವಾಗುವುದು ಇನ್ನೊಂದು. ಸಂಜೆ ಪಂಪು ಹಾಕಿದ ಕೂಡಲೇ ಟ್ಯೂಬ್‌ಲೈಟು ಮಿಣುಕುವ ಮನೆಗಳಿಗೆ ಮದ್ದು ಸ್ಟೆಬಿಲೈಸರ್ ಅಲ್ಲ, ಇದು.

ಕಾರಿಗೆ 7.2 ಕಿಲೋವ್ಯಾಟಿನ ಸಿಂಗಲ್ ಫೇಸ್ ಚಾರ್ಜರ್ ಹಾಕಿಸುವ ಆಲೋಚನೆ ಇದ್ದರೆ ಮೇಲಿನ ಹಂಚಿಕೆ ನಡೆಯುವುದಿಲ್ಲ. ಅದೊಂದೇ ಒಂದು ಫೇಸಿನಿಂದ 32 ಆಂಪಿಯರ್ ಎಳೆಯುತ್ತದೆ. ಲೋಡ್ ಅರ್ಜಿಗೆ ಮೊದಲೇ ಅದನ್ನು ತೀರ್ಮಾನಿಸಿಕೊಳ್ಳಬೇಕು.

ಮೆಸ್ಕಾಂ ಕಡೆಯ ಕೆಲಸ

ಮೀಟರ್ ತನಕದ್ದು ಮೆಸ್ಕಾಂ ಲೆಕ್ಕ, ಅಲ್ಲಿಂದ ಒಳಗಿನದ್ದು ಮನೆಯವರ ಲೆಕ್ಕ. ಮೀಟರಿನ ಸೀಲು ಒಡೆಯುವ ಹಕ್ಕು ಯಾವ ಎಲೆಕ್ಟ್ರಿಷಿಯನ್ನಿಗೂ ಇಲ್ಲ. ಮೀಟರಿನ ಮುಖದ ಮೇಲೆ 5-30 ಅಥವಾ 10-60 ಆಂಪಿಯರ್ ಎಂದಿರುತ್ತದೆ. ಎರಡನೆಯ ಅಂಕಿ ಅದು ಹೊರಬಲ್ಲ ಗರಿಷ್ಠ. 30ರ ಮೀಟರಿನ ಹಿಂದೆ 63ರ ಮೈನ್ ಹಾಕಿದರೆ ಮೊದಲು ಕರಕಲಾಗುವುದು ಮೀಟರಿನ ಟರ್ಮಿನಲ್ಲು.

ಅರ್ಜಿಯನ್ನು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರುವ ಗುತ್ತಿಗೆದಾರರ ಮೂಲಕವೇ ಹಾಕುವುದು ಒಳ್ಳೆಯದು. ಹೊಸ ವೈರಿಂಗ್ ಸರಿಯಾಗಿದೆ ಎಂಬ ಪೂರ್ಣತಾ ವರದಿಗೆ ಸಹಿ ಮಾಡಬೇಕಾದವರು ಅವರೇ. ಹೆಚ್ಚಿದ ಲೋಡಿಗೆ ಠೇವಣಿ, ಶುಲ್ಕ ಕಟ್ಟಬೇಕು. ಸರ್ವಿಸ್ ವೈರು ಬದಲಾಗಬೇಕೇ, ಟ್ರಾನ್ಸ್‌ಫಾರ್ಮರಿನಲ್ಲಿ ಜಾಗ ಇದೆಯೇ ಎಂದು ನೋಡಿ ಅಂದಾಜುಪಟ್ಟಿ ಕೊಡುತ್ತಾರೆ. ಡಿಬಿ ಕೊಳ್ಳುವುದು ಅದಾದ ಮೇಲೆ. ಕೇಂದ್ರದ ಗ್ರಾಹಕ ಹಕ್ಕುಗಳ ನಿಯಮಕ್ಕೆ 2024ರಲ್ಲಿ ಆದ ತಿದ್ದುಪಡಿಯಂತೆ, ಎಲ್ಲ ದಾಖಲೆ ಸರಿಯಾಗಿ ಸಲ್ಲಿಸಿದ ಮೇಲೆ ಹೊಸ ಸಂಪರ್ಕಕ್ಕೆ ಅಥವಾ ಇರುವ ಸಂಪರ್ಕದ ಬದಲಾವಣೆಗೆ ಮೆಟ್ರೊ ಅಲ್ಲದ ನಗರಗಳಲ್ಲಿ ಗರಿಷ್ಠ 7 ದಿನ, ಹಳ್ಳಿಗಳಲ್ಲಿ 15 ದಿನ. ಹೊಸ ಕಂಬ, ಹೊಸ ಲೈನು ಬೇಕಾದ ಕಡೆ ಈ ಲೆಕ್ಕ ಹಿಡಿಯಬಾರದು. ಅದೇ ತಿದ್ದುಪಡಿಯಲ್ಲಿ ಇನ್ನೊಂದು ಅನುಕೂಲವೂ ಇದೆ: ಮಾಡಿನ ಮೇಲೆ 10 ಕಿಲೋವ್ಯಾಟ್‌ವರೆಗೆ ಸೋಲಾರ್ ಹಾಕಿಸುವವರಿಗೆ ಅದಕ್ಕೆ ತಕ್ಕ ಲೋಡ್ ಹೆಚ್ಚಳವನ್ನು ವಿತರಣಾ ಕಂಪನಿಯೇ ಮಾಡಿಕೊಡಬೇಕು. ಸೋಲಾರ್ ಹೇಗೂ ಹಾಕಿಸುವುದೇ ಆದರೆ ಎರಡನ್ನೂ ಒಟ್ಟಿಗೆ ಯೋಚಿಸಿ.

ಡಿಬಿಯೊಳಗೆ ಏನಿರಬೇಕು

ಮೇಲಿನ ಮನೆಗೆ ಸರ್ಕ್ಯೂಟು ಎಣಿಸಿದರೆ ಹದಿಮೂರು ಬರುತ್ತದೆ. 4 ವೇ ಟಿಪಿಎನ್ (ಮೂರು ಫೇಸು, ಒಂದು ನ್ಯೂಟ್ರಲಿನ) ಡಿಬಿಯಲ್ಲಿ ಫೇಸಿಗೆ ನಾಲ್ಕರಂತೆ ಹನ್ನೆರಡೇ ಜಾಗ. 6 ವೇ ತೆಗೆದುಕೊಂಡರೆ ಹದಿನೆಂಟು, ಮುಂದಕ್ಕೂ ಜಾಗ ಉಳಿಯುತ್ತದೆ. ಫೇಸಿಗೊಂದು ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳುವ ಸ್ವಿಚ್ಚು) ಕೂರುವಂಥ ಡಿಬಿಯನ್ನೇ ಕೇಳಬೇಕು. ಇಡೀ ಮನೆಗೆ ಒಂದೇ ನಾಲ್ಕು ಪೋಲಿನ ಆರ್‌ಸಿಸಿಬಿ ಹಾಕಿದರೆ ಅಗ್ಗವಾದೀತು. ಆದರೆ ಮಳೆಗಾಲದ ರಾತ್ರಿ ಹೊರಗಿನ ಗೇಟ್ ಲೈಟಿಗೆ ನೀರು ಹೊಕ್ಕರೆ ಮನೆಯಿಡೀ ಕತ್ತಲು.

ಜೋಡಣೆಯ ಕ್ರಮ ಹೀಗೆ: ಮೊದಲು 25 ಆಂಪಿಯರಿನ ನಾಲ್ಕು ಪೋಲ್ ಎಂಸಿಬಿ, ಅದರ ಬೆನ್ನಿಗೆ ಸಿಡಿಲಿನ ಹೊಡೆತ ತಡೆಯುವ ಟೈಪ್ 2 ಎಸ್‌ಪಿಡಿ, ಆಮೇಲೆ ಫೇಸಿಗೊಂದರಂತೆ 40 ಆಂಪಿಯರಿನ, 30 ಮಿಲಿ ಆಂಪಿಯರಿಗೆ ಬೀಳುವ ಎರಡು ಪೋಲ್ ಆರ್‌ಸಿಸಿಬಿ, ಕೊನೆಗೆ ಬಿಡಿ ಎಂಸಿಬಿಗಳು. ದೀಪ, ಫ್ಯಾನಿಗೆ 1.5 ಸ್ಕ್ವೇರ್ ಎಂಎಂ ವೈರು, 10 ಆಂಪಿಯರ್ ಎಂಸಿಬಿ. 16 ಆಂಪಿಯರ್ ಪ್ಲಗ್ಗು, 2 ಕಿಲೋವ್ಯಾಟ್ ಗೀಸರಿಗೆ 2.5ರ ವೈರು, 16ರ ಎಂಸಿಬಿ. 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರಾದರೆ ಎಂಸಿಬಿ ಅದೇ, ವೈರು 4ರದ್ದು. ಎಸಿಗೆ 4ರ ವೈರು, 20ರ ಸಿ ಕರ್ವ್ (ಮೋಟರು ಶುರುವಾಗುವ ಕ್ಷಣದ ಎಳೆತಕ್ಕೆ ಬೀಳದ) ಎಂಸಿಬಿ. ಕಾರಿಗೂ 4ರ ವೈರು, ಡಿಬಿಯಿಂದ ನೇರವಾಗಿ, ನಡುವೆ ಜಾಯಿಂಟಿಲ್ಲದೆ. ಅದಕ್ಕೆ ಟೈಪ್ ಎ ಆರ್‌ಸಿಸಿಬಿ ಇರಲಿ. ಕಾರು ಗಂಟೆಗಟ್ಟಲೆ 14 ಆಂಪಿಯರ್ ಎಳೆಯುತ್ತದೆ. ಇಸ್ತ್ರಿ ಪೆಟ್ಟಿಗೆಗೆ ಸಾಕಾಗುವ ಸಾದಾ 16ರ ಸಾಕೆಟ್ಟು ಇದಕ್ಕೆ ಸಾಲದು, ಇಂಡಸ್ಟ್ರಿಯಲ್ ಸಾಕೆಟ್ಟೇ ಬೇಕು.

ಆರ್‌ಸಿಸಿಬಿ ಓವರ್‌ಲೋಡಿಗೆ ಬೀಳುವುದಿಲ್ಲ, ಎಂಸಿಬಿ ಶಾಕಿಗೆ ಬೀಳುವುದಿಲ್ಲ. ಒಂದಿದೆ, ಇನ್ನೊಂದು ಯಾಕೆ ಎನ್ನುವಂತಿಲ್ಲ.

ಹೊಸ ಡಿಬಿ ಹಾಕಿದ ಮೇಲೆ ಆರ್‌ಸಿಸಿಬಿ ನಿಲ್ಲುವುದೇ ಇಲ್ಲ ಎಂಬ ದೂರು ಹಳೆಯ ಮನೆಗಳಲ್ಲಿ ಬಂದೇ ಬರುತ್ತದೆ. ಅದು ಡಿಬಿಯ ದೋಷ ಅಲ್ಲ. ಹಳೆಯ ವೈರಿಂಗಿನಲ್ಲಿ ಒಂದು ಕೋಣೆಯ ಫೇಸಿಗೆ ಪಕ್ಕದ ಕೋಣೆಯ ನ್ಯೂಟ್ರಲ್ ಸೇರಿಸಿರುತ್ತಾರೆ. ಆರ್‌ಸಿಸಿಬಿ ಮಾಡುವುದು ಹೋದ ಕರೆಂಟನ್ನೂ ಬಂದ ಕರೆಂಟನ್ನೂ ತೂಗುವ ಕೆಲಸ. ಒಂದು ಆರ್‌ಸಿಸಿಬಿಯಿಂದ ಹೋಗಿ ಇನ್ನೊಂದರ ನ್ಯೂಟ್ರಲಿನಲ್ಲಿ ಮರಳಿದರೆ ಎರಡೂ ಸೋರಿಕೆ ಎಂದೇ ತಿಳಿಯುತ್ತವೆ. ಮೂರು ಆರ್‌ಸಿಸಿಬಿಗೆ ಮೂರು ಬೇರೆ ನ್ಯೂಟ್ರಲ್ ಬಾರ್ ಇರಬೇಕು, ಪ್ರತಿ ಸರ್ಕ್ಯೂಟಿನ ನ್ಯೂಟ್ರಲ್ ತನ್ನದೇ ಬಾರಿಗೆ ಬರಬೇಕು. ಬ್ಯಾಟರಿ ಇನ್ವರ್ಟರಿನ ಲೈನಿನಲ್ಲೂ ಇದೇ ತಪ್ಪು ನಡೆಯುತ್ತದೆ: ಫೇಸನ್ನು ಮಾತ್ರ ಬೇರೆ ಎಳೆದು ನ್ಯೂಟ್ರಲ್ ಹಳೆಯದನ್ನೇ ಬಳಸಿರುತ್ತಾರೆ. ಇದನ್ನು ಹುಡುಕಿ ಬಿಡಿಸುವುದು ಡಿಬಿ ಕೂರಿಸುವುದಕ್ಕಿಂತ ಹೆಚ್ಚಿನ ಕೆಲಸ. ಕೂಲಿ ಮಾತಾಡುವಾಗಲೇ ಸೇರಿಸಿಕೊಳ್ಳಬೇಕು. ಹುಡುಕುವ ತಾಳ್ಮೆ ಇಲ್ಲದವರು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿ ಹೋಗುತ್ತಾರೆ. ಟೆಸ್ಟ್ ಬಟನ್ ಒತ್ತಿ, ಆ ಫೇಸಿನ ಕರೆಂಟು ಹೋಗುತ್ತದೆಯೇ ಎಂದು ನೋಡಿಯೇ ಅವರನ್ನು ಕಳಿಸಿ.

ಮುರಕಲ್ಲಿನ ನೆಲ ಮತ್ತು ಅರ್ಥಿಂಗ್

ಕರಾವಳಿಯ ಮನೆಗಳಲ್ಲಿ ಎಲ್ಲಕ್ಕಿಂತ ಬಡಕಲು ಕೊಂಡಿ ಇದು. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ನೆಲ ಮಳೆಗಾಲದಲ್ಲಿ ಎಷ್ಟು ನೀರು ಕುಡಿದರೂ ಹಿಡಿದಿಟ್ಟುಕೊಳ್ಳುವುದಿಲ್ಲ. ಜುಲೈಯಲ್ಲಿ ಚೆನ್ನಾಗಿರುವ ಅರ್ಥಿಂಗ್ ಏಪ್ರಿಲ್ ಹೊತ್ತಿಗೆ ಒಣಗಿ ಕೆಲಸಕ್ಕೆ ಬಾರದಂತಾಗುತ್ತದೆ. ಆದ್ದರಿಂದ ಅರ್ಥ್ ಟೆಸ್ಟರ್ ಇಟ್ಟು ಅಳೆಯಬೇಕಾದ ಕಾಲ ಪತ್ತನಾಜೆಗೆ (ಮೇ ಕೊನೆಗೆ) ಮುಂಚಿನ ಬಿರುಬೇಸಿಗೆ. ಓಮ್ ಕಡಿಮೆ ಬಂದಷ್ಟೂ ಅರ್ಥಿಂಗ್ ಒಳ್ಳೆಯದು. ಆದರೆ ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಅಳೆದು 3 ಓಮ್ ಬಂತು ಎಂದರೆ ಆ ಅಂಕಿಗೆ ಬೆಲೆ ಇಲ್ಲ.

ಅರ್ಥಿಂಗ್ 20 ಓಮ್ ಇರುವ ಮನೆಯಲ್ಲಿ ಗೀಸರಿನ ಕಾಯಿಲ್ ಒಡೆದು ಫೇಸು ಅದರ ಮೈಗೆ ತಾಗಿತು ಎನ್ನಿ. 230ನ್ನು 20ರಿಂದ ಭಾಗಿಸಿದರೆ 11.5 ಆಂಪಿಯರ್ ನೆಲಕ್ಕೆ ಹರಿಯುತ್ತದೆ. 16ರ ಎಂಸಿಬಿಗೆ ಇದು ಮಾಮೂಲಿ ಲೋಡು, ಎಂದಿಗೂ ಬೀಳುವುದಿಲ್ಲ. ಗೀಸರಿನ ಮೈ ಹೆಚ್ಚುಕಡಿಮೆ 230 ವೋಲ್ಟಿನಲ್ಲೇ ನಿಲ್ಲುತ್ತದೆ. ಅರ್ಥ್ ವೈರು ಎಲ್ಲದಕ್ಕೂ ಒಂದೇ ಆದ್ದರಿಂದ ಫ್ರಿಜ್ಜಿನ ಬಾಗಿಲು, ವಾಷಿಂಗ್ ಮಷಿನ್ನು, ಪಂಪಿನ ಪೈಪು ಎಲ್ಲಕ್ಕೂ ಅದೇ ವೋಲ್ಟೇಜು. ಅರ್ಥಿಂಗ್ 5 ಓಮಿಗೆ ಇಳಿಸಿದರೂ ಹರಿಯುವುದು 46 ಆಂಪಿಯರ್. 16ರ ಸಿ ಕರ್ವ್ ಎಂಸಿಬಿ ತಕ್ಷಣ ಬೀಳಲು 80ರಿಂದ 160 ಬೇಕು. ಒದ್ದೆ ಬಚ್ಚಲಿನಲ್ಲಿ ನಿಂತವರಿಗೆ ಆ ನಡುವಿನ ಸೆಕೆಂಡುಗಳೇ ಸಾಕು. ಆರ್‌ಸಿಸಿಬಿ ಮಾತ್ರ 0.03 ಆಂಪಿಯರಿಗೇ ಕಣ್ಣು ಮುಚ್ಚಿ ತೆರೆಯುವುದರೊಳಗೆ ಬೀಳುತ್ತದೆ. ನಮ್ಮ ನೆಲದಲ್ಲಿ ಅದು ಐಷಾರಾಮವಲ್ಲ.

ಫೇಸಿಗೂ ಅರ್ಥಿಗೂ 100 ವ್ಯಾಟಿನ ಬಲ್ಬು ಹಿಡಿದು, ಉರಿಯಿತು, ಅರ್ಥಿಂಗ್ ಚೆನ್ನಾಗಿದೆ ಎನ್ನುವ ಪದ್ಧತಿ ಇನ್ನೂ ಇದೆ. ಬಲ್ಬಿನ ಪ್ರತಿರೋಧ 529 ಓಮ್. ಅರ್ಥಿಂಗ್ 100 ಓಮಿನಷ್ಟು ಕೆಟ್ಟಿದ್ದರೂ ಬಲ್ಬಿಗೆ 193 ವೋಲ್ಟ್ ಸಿಕ್ಕಿ ಝಗ್ಗನೆ ಉರಿಯುತ್ತದೆ. ಅದರಿಂದ ಗೊತ್ತಾಗುವುದು ವೈರು ತುಂಡಾಗಿಲ್ಲ ಎಂದಷ್ಟೇ.

ಹಳೆಯ ರೀತಿಯ ಗುಂಡಿಗೆ ಸುಮಾರು 40 ಮಿಲಿಮೀಟರ್ ವ್ಯಾಸದ, ಎರಡೂವರೆ ಮೀಟರ್ ಉದ್ದದ ಜಿಐ ಪೈಪು, ಸುತ್ತ ಇದ್ದಿಲು ಮತ್ತು ಉಪ್ಪು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಲ್ಲಿ ಆ ಉಪ್ಪು ತೊಳೆದುಹೋಗುತ್ತದೆ, ಹೋಗುವ ಮೊದಲು ಪೈಪನ್ನು ತಿಂದಿರುತ್ತದೆ. ತಾಮ್ರ ಲೇಪಿಸಿದ ರಾಡು, ಸುತ್ತ ತೇವ ಹಿಡಿದಿಡುವ ಬೆಂಟೊನೈಟ್ ಜೇಡಿಯ ಮಿಶ್ರಣ ಹಾಕಿದರೆ ಖರ್ಚು ಹೆಚ್ಚಾದರೂ ಬಾಳಿಕೆ ಬರುತ್ತದೆ. ಮೂರು ಫೇಸಿಗೆ ಎರಡು ಗುಂಡಿ ಬೇಕು, ನಡುವೆ ಐದು ಮೀಟರ್ ಅಂತರ ಸಿಕ್ಕರೆ ಒಳ್ಳೆಯದು. ಮುರಕಲ್ಲು ಕೊರೆಯಲಾಗದ ಕಡೆ ಬಚ್ಚಲ ನೀರು ಹರಿಯುವ ತೆಂಗಿನ ಬುಡದ ಬಳಿ, ಬಾವಿಕಟ್ಟೆಯ ತಗ್ಗಿನಲ್ಲಿ ಜಾಗ ನೋಡಬೇಕು. ಮಲ್ಪೆ, ಉಳ್ಳಾಲದಂಥ ಕಡಲ ದಂಡೆಯಲ್ಲಿ ತೊಂದರೆ ಬೇರೆ. ಅಲ್ಲಿ ಉಪ್ಪುನೀರು ಹತ್ತಿರವಿದ್ದರೆ ಓಮ್ ತಾನಾಗಿಯೇ ಇಳಿಯುತ್ತದೆ, ಕ್ಲಾಂಪು, ಬೋಲ್ಟು ಮಾತ್ರ ಬೇಗ ತುಕ್ಕಾಗುತ್ತವೆ. ಹಾಗಾಗಿ ಜಾಯಿಂಟನ್ನು ಮಣ್ಣಿನಡಿ ಹೂಳದೆ, ತೆರೆದು ನೋಡುವಂತೆ ಮುಚ್ಚಳ ಇಡಬೇಕು.

ನ್ಯೂಟ್ರಲ್ ಕಡಿದರೆ

ಮೂರು ಫೇಸು ತರುವ ಹೊಸ ಅಪಾಯವೊಂದಿದೆ. ಗಾಳಿಗೆ ಮಡಲು ಬಿದ್ದು ನ್ಯೂಟ್ರಲ್ ತುಂಡಾಯಿತು, ಇಲ್ಲವೇ ಮೀಟರ್ ಬಳಿ ಅದರ ಸ್ಕ್ರೂ ಸಡಿಲವಾಯಿತು ಎನ್ನಿ. ಆಗ ಎರಡು ಫೇಸಿನ ಉಪಕರಣಗಳು 400 ವೋಲ್ಟಿಗೆ ಒಂದರ ಹಿಂದೊಂದು ಕಟ್ಟಿದಂತಾಗುತ್ತವೆ. ಒಂದು ಫೇಸಿನಲ್ಲಿ 2 ಕಿಲೋವ್ಯಾಟಿನ ಗೀಸರು, ಇನ್ನೊಂದರಲ್ಲಿ 100 ವ್ಯಾಟಿನ ಟಿವಿ ಮಾತ್ರ ಇದ್ದರೆ ಟಿವಿಯ ಪಾಲಿಗೆ ಬರುವುದು ಸುಮಾರು 380 ವೋಲ್ಟ್. ಎಂಸಿಬಿ, ಆರ್‌ಸಿಸಿಬಿ ಎರಡಕ್ಕೂ ಇದು ಕಾಣಿಸುವುದಿಲ್ಲ. ಮೈನಿನ ಬಳಿ ವೋಲ್ಟೇಜ್ ಹೆಚ್ಚು ಕಡಿಮೆಯಾದರೆ ಕಡಿಯುವ ರಿಲೇ ಹಾಕಿಸಿದರೆ ಮಾತ್ರ ಬಚಾವು. ನ್ಯೂಟ್ರಲಿಗೆ ಫ್ಯೂಸ್ ಇರಲೇಬಾರದು. ಹಳೆಯ ಮೈನ್ ಬೋರ್ಡಿನಲ್ಲಿ ಪಿಂಗಾಣಿಯ ಎರಡು ಕಿಟ್‌ಕ್ಯಾಟ್ ಫ್ಯೂಸ್ ಇದ್ದರೆ ಒಂದು ನ್ಯೂಟ್ರಲಿನದ್ದು. ಹೊಸ ಲೈನು ಬರುವಾಗ ಅದು ಹೋಗಬೇಕು. ಅಲ್ಯೂಮಿನಿಯಂ ಸರ್ವಿಸ್ ವೈರಿಗೆ ತಾಮ್ರ ಸುತ್ತಿ ಟೇಪು ಹಾಕುವುದೂ ನಿಲ್ಲಬೇಕು. ಕಡಲ ಗಾಳಿಯ ತೇವದಲ್ಲಿ ಆ ಜಾಯಿಂಟು ಬಿಳಿ ಪುಡಿಯಾಗುತ್ತದೆ. ಎರಡು ಲೋಹಕ್ಕೆಂದೇ ಮಾಡಿದ ಬೈಮೆಟಲ್ ಲಗ್ಗು ಅಂಗಡಿಯಲ್ಲಿ ಸಿಗುತ್ತದೆ.

ಕೆಲಸದ ದಿನ

ಕಂಬದಲ್ಲಿ ಲೈನ್ ತೆಗೆದ ಮಾತ್ರಕ್ಕೆ ಮನೆಯ ವೈರು ಸತ್ತಿರುವುದಿಲ್ಲ. ಇನ್ವರ್ಟರ್ ಬ್ಯಾಟರಿ ಅದನ್ನು ಜೀವಂತ ಇಟ್ಟಿರುತ್ತದೆ. ಮೊದಲು ಅದನ್ನು ಆಫ್ ಮಾಡಿ ಪ್ಲಗ್ ಕಿತ್ತು, ಟೆಸ್ಟರ್ ಹಚ್ಚಿ ನೋಡಿಯೇ ಕೈ ಹಾಕಬೇಕು.

ಹೊಸ ಡಿಬಿಗೆ ಲೈನ್ ಕೊಡುವ ಮುಂಚೆ ವೈರಿನ ಹೊದಿಕೆ ಸೋರುತ್ತದೆಯೇ ಎಂದು ನೋಡುವ 500 ವೋಲ್ಟಿನ ಮೆಗ್ಗರಿನಿಂದ ಪ್ರತಿ ಸರ್ಕ್ಯೂಟನ್ನೂ ಅಳೆಯಬೇಕು. 1 ಮೆಗಾ ಓಮಿಗಿಂತ ಕಡಿಮೆ ಬಂದದ್ದನ್ನು ಹೊಸ ಡಿಬಿಗೆ ಸೇರಿಸಬಾರದು. ಅಳೆಯುವಾಗ ಎಸ್‌ಪಿಡಿ ಬಿಚ್ಚಿಡಬೇಕು, ಎಲ್ಇಡಿ ಬಲ್ಬು, ಟಿವಿ, ರೂಟರ್ ಎಲ್ಲ ಕಳಚಿರಬೇಕು, ಇಲ್ಲದಿದ್ದರೆ 500 ವೋಲ್ಟ್ ಅವುಗಳ ಮೇಲೇ ಬೀಳುತ್ತದೆ. ಎಸ್‌ಪಿಡಿಯ ಅರ್ಥ್ ವೈರು ಗಿಡ್ಡವಾಗಿ, ನೇರವಾಗಿ ಇರಬೇಕು, ಎರಡೂ ಬದಿಯ ವೈರು ಸೇರಿ ಅರ್ಧ ಮೀಟರಿನೊಳಗೆ. ಚೆಂದ ಕಾಣಲೆಂದು ಡಿಬಿಯ ಸುತ್ತ ಬಳಸಿ ತಂದರೆ ಸಿಡಿಲಿನ ಹೊತ್ತಿಗೆ ಅದು ಕೆಲಸಕ್ಕೆ ಬಾರದು. ವೈರು ಬಂದ ತೂತುಗಳಿಗೆಲ್ಲ ಗ್ರೋಮೆಟ್ ಅಥವಾ ಗ್ಲ್ಯಾಂಡ್ ಹಾಕಿ ಮುಚ್ಚಬೇಕು. ಬೆಚ್ಚನೆಯ ಜಾಗವೆಂದು ಹಲ್ಲಿ ಒಳಗೆ ಸೇರುತ್ತದೆ, ಎರಡು ಫೇಸಿನ ಬಸ್‌ಬಾರಿಗೆ ಅಡ್ಡ ಬಿದ್ದರೆ ಹಲ್ಲಿಯ ಜೊತೆಗೆ ಡಿಬಿಯೂ ಹೋಗುತ್ತದೆ.

ತಿಂಗಳಾದ ಮೇಲೆ ಲೈನ್ ಆಫ್ ಮಾಡಿಸಿ ಎಲ್ಲ ಸ್ಕ್ರೂಗಳನ್ನೂ ಮತ್ತೊಮ್ಮೆ ನೋಡಿ ಬಿಗಿಸಬೇಕು. ಯಾವ ಎಂಸಿಬಿ ಯಾವ ಕೋಣೆಯದ್ದು, ಯಾವ ಫೇಸಿನದ್ದು, ಅರ್ಥಿಂಗ್ ಯಾವ ದಿನ ಎಷ್ಟು ಓಮ್ ಬಂತು ಎಂಬುದನ್ನು ಡಿಬಿ ಬಾಗಿಲಿನ ಒಳಬದಿಗೆ ಕನ್ನಡದಲ್ಲೇ ಬರೆದು ಅಂಟಿಸಿ. ಮೆಸ್ಕಾಂ ಬಿಲ್ಲು ಬಂದ ದಿನ ಆರ್‌ಸಿಸಿಬಿಗಳ ಟೆಸ್ಟ್ ಬಟನ್ ಒತ್ತುವುದನ್ನು ರೂಢಿ ಮಾಡಿಕೊಂಡರೆ ಮರೆತುಹೋಗುವುದಿಲ್ಲ.